ಹಾಕಿ ಸ್ಟಿಕ್, ಗೋಲ್‌ಕೀಪರ್ ಕಿಟ್, ಕೋವಿ: ಕೊಡಗಿನಿಂದ ವಿಮಾನ ಹತ್ತುವವರಿಗೆ ಲಗೇಜಿನ ಲೆಕ್ಕಾಚಾರ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ, ಆದರೆ ಆಟದ ಸಾಮಾನಿನೊಂದಿಗೆ ವಿಮಾನ ಹತ್ತುವವರಿಗೆ ಇಲ್ಲಿ ಕೊರತೆಯಿಲ್ಲ. ಕೂಡಿಗೆ, ಪೊನ್ನಂಪೇಟೆ, ಮಡಿಕೇರಿಯ ಮಕ್ಕಳು ರಾಷ್ಟ್ರಮಟ್ಟದ ಹಾಕಿ ಪಂದ್ಯಗಳಿಗಾಗಿ ದೂರದ ಊರುಗಳಿಗೆ ಹೋಗುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ ತಮ್ಮ ಒಕ್ಕದ, ಅಂದರೆ ಮನೆತನದ, ಪರವಾಗಿ ಆಡಲೆಂದು ಹೊರದೇಶಗಳಲ್ಲಿ ನೆಲೆಸಿದವರು ಬೇಸಿಗೆಯಲ್ಲಿ ಸ್ಟಿಕ್ ಹೊತ್ತು ಊರಿಗೆ ಬರುತ್ತಾರೆ. ಇವರೆಲ್ಲರಿಗೂ ಅನ್ವಯಿಸುವ ಮಾತೊಂದಿದೆ: ಲಗೇಜಿಗೆ ಎಷ್ಟು ಹಣ ಹೋಗುತ್ತದೆ ಎಂಬುದು ಬಹುಮಟ್ಟಿಗೆ ಟಿಕೆಟ್ ಕೊಳ್ಳುವ ದಿನವೇ ತೀರ್ಮಾನವಾಗಿಬಿಡುತ್ತದೆ. ನಿಲ್ದಾಣದ ಕೌಂಟರಿನ ಮುಂದೆ ನಿಂತ ಮೇಲೆ ಮಾಡಬಹುದಾದದ್ದು ಬಹಳ ಕಡಿಮೆ. ಆದ್ದರಿಂದ ಮೊದಲು ಸಾಮಾನನ್ನು ಅಳೆದು ತೂಗಿ, ಆ ಬಳಿಕವೇ ಟಿಕೆಟ್ ಕೊಳ್ಳಬೇಕು.

ಸ್ಟಿಕ್ ಕೈಯಲ್ಲಿ ಒಯ್ಯುವಂತಿಲ್ಲ

ಭಾರತದ ವಿಮಾನ ನಿಲ್ದಾಣಗಳ ಭದ್ರತಾ ನಿಯಮಗಳನ್ನು ರೂಪಿಸುವ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಹಾಕಿ ಸ್ಟಿಕ್, ಕ್ರಿಕೆಟ್ ಬ್ಯಾಟ್, ಗಾಲ್ಫ್ ಕ್ಲಬ್, ಬಿಲಿಯರ್ಡ್ಸ್ ಕೋಲು, ಬಿಲ್ಲು ಬಾಣ ಇವುಗಳನ್ನು ಕ್ಯಾಬಿನ್ನಿನೊಳಗೆ ನಿಷೇಧಿಸಿದೆ. ಚಿಕ್ಕ ಮಕ್ಕಳ ಸ್ಟಿಕ್ ಆದರೂ, ಮುರಿದ ನೆನಪಿನ ಸ್ಟಿಕ್ ಆದರೂ, ಹೆಸರಾಂತ ಆಟಗಾರರ ಸಹಿ ಇರುವ ಸ್ಟಿಕ್ ಆದರೂ ವಿನಾಯಿತಿಯಿಲ್ಲ. ಭದ್ರತಾ ತಪಾಸಣೆಯಲ್ಲಿ ಅದನ್ನು ತಡೆದರೆ ಮತ್ತೆ ಕೌಂಟರಿಗೆ ಓಡಬೇಕು, ಅಷ್ಟರಲ್ಲಿ ಕೌಂಟರ್ ಮುಚ್ಚಿದ್ದರೆ ಸ್ಟಿಕ್ ಅಲ್ಲಿಯೇ ಉಳಿಯುತ್ತದೆ. ಸಹಿ ಇರುವ ಸ್ಟಿಕ್ಕಿನ ವಿಷಯದಲ್ಲಿ ಇದು ಹಣದಿಂದ ತುಂಬಲಾಗದ ನಷ್ಟ.

ರಾಕೆಟ್‌ಗಳ ವಿಚಾರ ಇಷ್ಟು ಸ್ಪಷ್ಟವಾಗಿಲ್ಲ. ಟೆನಿಸ್ ರಾಕೆಟ್ ಸಾಮಾನ್ಯವಾಗಿ 27 ಇಂಚು, ಅಂದರೆ ಸುಮಾರು 68.5 ಸೆಂ.ಮೀ. ಉದ್ದವಿರುತ್ತದೆ. ಬ್ಯಾಡ್ಮಿಂಟನ್ ರಾಕೆಟ್ ನಿಯಮದ ಪ್ರಕಾರ 68 ಸೆಂ.ಮೀ. ಮೀರುವಂತಿಲ್ಲ. ಕೈಚೀಲದ ಉದ್ದವನ್ನು ನಮ್ಮ ವಿಮಾನ ಸಂಸ್ಥೆಗಳು ಸುಮಾರು 55 ಸೆಂ.ಮೀ.ಗೆ ಸೀಮಿತಗೊಳಿಸಿರುವುದರಿಂದ ಅಳತೆಯ ಲೆಕ್ಕದಲ್ಲಿ ಎರಡೂ ಹೊರಗುಳಿಯುತ್ತವೆ. ಒಂದೆರಡು ರಾಕೆಟ್ ಇರುವ ತೆಳುವಾದ ಚೀಲವನ್ನು ಸಿಬ್ಬಂದಿ ಬಿಡುವುದುಂಟು, ಆದರೆ ಅದು ಅವರ ವಿವೇಚನೆಗೆ ಬಿಟ್ಟದ್ದು. ವಿಮಾನ ಸಂಸ್ಥೆಗೆ ಮೊದಲೇ ಇಮೇಲ್ ಬರೆದು, ಬಂದ ಉತ್ತರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಉತ್ತಮ. ಆರು ರಾಕೆಟ್‌ಗಳ ದೊಡ್ಡ ಕಿಟ್ ಇದ್ದರೆ ಯೋಚನೆಯೇ ಬೇಡ, ಅದು ಚೆಕ್-ಇನ್ ಲಗೇಜಿಗೇ ಹೋಗಬೇಕು.

ಅಳೆಯಬೇಕಾದದ್ದು ಮೂರು

ತೂಕ, ಗಾತ್ರ ಮತ್ತು ಚೀಲಗಳ ಸಂಖ್ಯೆ: ಲಗೇಜಿನ ಶುಲ್ಕವೆಲ್ಲ ಈ ಮೂರರ ಮೇಲೆ ನಿಂತಿದೆ. ದೇಶದೊಳಗಿನ ಪ್ರಯಾಣದಲ್ಲಿ ಇಂಡಿಗೊ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸಾದಂಥ ಸಂಸ್ಥೆಗಳ ಸಾಮಾನ್ಯ ಇಕಾನಮಿ ಟಿಕೆಟ್ಟಿಗೆ 15 ಕೆ.ಜಿ. ಚೆಕ್-ಇನ್ ಲಗೇಜು ಮತ್ತು 7 ಕೆ.ಜಿ. ಕೈಚೀಲ ಉಚಿತ. ಚೆಕ್-ಇನ್ ಲಗೇಜು ಇಲ್ಲದ ಅಗ್ಗದ ಟಿಕೆಟ್‌ಗಳೂ ಈಗ ಮಾರಾಟವಾಗುತ್ತಿವೆ. ಆಟಗಾರರು ಅವುಗಳ ಬೆಲೆ ನೋಡಿ ಮರುಳಾಗಬಾರದು. ಕೊಲ್ಲಿ ದೇಶಗಳ ಮಾರ್ಗದಲ್ಲಿ ಒಟ್ಟು ತೂಕದ ಪದ್ಧತಿ ಹೆಚ್ಚು ಬಳಕೆಯಲ್ಲಿದೆ, ಅಮೆರಿಕ ಮತ್ತು ಕೆನಡಾ ಮಾರ್ಗದಲ್ಲಿ ಚೀಲಗಳ ಎಣಿಕೆಯ ಪದ್ಧತಿಯಿದೆ. ಎಣಿಕೆಯ ಪದ್ಧತಿಯಲ್ಲಿ ಪ್ರತಿ ಚೀಲಕ್ಕೆ ಸಾಮಾನ್ಯವಾಗಿ 23 ಕೆ.ಜಿ.ಯ ಮಿತಿ ಇರುತ್ತದೆ, ಮತ್ತು ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂ.ಮೀ. ದಾಟಬಾರದು. ಯಾವ ಪದ್ಧತಿಯೇ ಇರಲಿ, ಒಂದೇ ಚೀಲ 32 ಕೆ.ಜಿ. ಮೀರಿದರೆ ಅದನ್ನು ಎತ್ತುವ ಕೆಲಸಗಾರರ ಸುರಕ್ಷತೆಗಾಗಿ ವಿಮಾನ ಸಂಸ್ಥೆಗಳು ಸ್ವೀಕರಿಸುವುದಿಲ್ಲ. ಹಣ ಕೊಡುತ್ತೇನೆ ಎಂದರೂ ಚೀಲವನ್ನು ಎರಡಾಗಿ ಒಡೆಯಬೇಕಾಗುತ್ತದೆ.

ತೂಗುವ ಸಾಧನವನ್ನು ಕೊಡಗಿನವರು ಹುಡುಕಿಕೊಂಡು ಹೋಗಬೇಕಾಗಿಲ್ಲ, ಕಾಫಿ ಮತ್ತು ಕರಿಮೆಣಸು ತೂಗುವ ತಕ್ಕಡಿ ತೋಟವಿರುವ ಮನೆಯ ಕಣದಲ್ಲೋ ಉಗ್ರಾಣದಲ್ಲೋ ಇದ್ದೇ ಇರುತ್ತದೆ. ತೂಗು ತಕ್ಕಡಿಯಾದರೆ ಕಿಟ್ ಬ್ಯಾಗಿನ ಎರಡು ಹಿಡಿಗಳನ್ನೂ ಒಟ್ಟಿಗೆ ಕೊಕ್ಕೆಗೆ ಸಿಕ್ಕಿಸಿ, ಬ್ಯಾಗು ನೆಲಕ್ಕಾಗಲೀ ಗೋಡೆಗಾಗಲೀ ತಾಗದಂತೆ ತೂಗಬಿಟ್ಟು, ಅಲುಗಾಟ ನಿಂತ ಮೇಲೆ ಅಂಕಿ ನೋಡಬೇಕು. ಒಂದು ಹಿಡಿಯನ್ನು ಮಾತ್ರ ಸಿಕ್ಕಿಸಿದರೆ ಉದ್ದನೆಯ ಚೀಲ ಓರೆಯಾಗಿ ನೆಲ ಮುಟ್ಟಿ ತೂಕ ಕಡಿಮೆ ತೋರಿಸುತ್ತದೆ. ನೆಲದ ಮೇಲಿಡುವ ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಮೊದಲು ಖಾಲಿ ಬ್ಯಾಗನ್ನೇ ತೂಗಿ ನೋಡಿ: ಗಾಲಿ ಮತ್ತು ಕಬ್ಬಿಣದ ಸರಳು ಇರುವ ಬ್ಯಾಗುಗಳು ತಾವೇ ನಾಲ್ಕೈದು ಕೆ.ಜಿ. ತಿಂದುಬಿಡುತ್ತವೆ, ಬಟ್ಟೆಯ ಬ್ಯಾಗು ಅದರ ಅರ್ಧಕ್ಕಿಂತಲೂ ಕಡಿಮೆ ತೂಗುತ್ತದೆ. 15 ಕೆ.ಜಿ.ಯ ಮಿತಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ತಕ್ಕಡಿಗಳ ನಡುವೆ ಅಲ್ಪಸ್ವಲ್ಪ ಹೆಚ್ಚುಕಡಿಮೆ ಇರುವುದರಿಂದ ಮನೆಯಲ್ಲಿ ಅರ್ಧ ಕೆ.ಜಿ. ಕಡಿಮೆ ಇರುವಂತೆ ನೋಡಿಕೊಳ್ಳಿ.

ಈ ಲೆಕ್ಕ ಹಾಕಿದರೆ ಒಂದು ಸಮಾಧಾನದ ಸಂಗತಿ ಹೊರಬರುತ್ತದೆ. ಸಾಮಾನ್ಯ ಹಾಕಿ ಆಟಗಾರರು ಹೆಚ್ಚುವರಿ ತೂಕಕ್ಕೆ ಹಣ ಕೊಡಬೇಕಾದ ಸಂದರ್ಭ ಕಡಿಮೆ. ನಿಯಮದ ಪ್ರಕಾರ ಒಂದು ಸ್ಟಿಕ್ 737 ಗ್ರಾಂ ಮೀರುವಂತಿಲ್ಲ, ಈಗಿನ ಸ್ಟಿಕ್‌ಗಳು ಅದಕ್ಕಿಂತಲೂ ಹಗುರ. ಎರಡು ಸ್ಟಿಕ್, ಎರಡು ಜೊತೆ ಬೂಟು, ಶಿನ್ ಗಾರ್ಡ್, ಒಂದು ವಾರದ ಬಟ್ಟೆ ಸೇರಿದರೂ 11 ಕೆ.ಜಿ. ಸುಮಾರಿಗೆ ನಿಲ್ಲುತ್ತದೆ. 36.5 ಇಂಚಿನ ಸ್ಟಿಕ್ ಸುಮಾರು 93 ಸೆಂ.ಮೀ. ಆಗುವುದರಿಂದ 95 ಸೆಂ.ಮೀ. ಉದ್ದ, 25 ಅಗಲ, 20 ಎತ್ತರದ ಚೀಲದ ಒಟ್ಟು ಅಳತೆ 140 ಸೆಂ.ಮೀ., ಅಂದರೆ 158ರ ಮಿತಿಯೊಳಗೇ ಇದೆ. ಆದರೂ ಕೆಲವು ಸಂಸ್ಥೆಗಳು ತೂಕ ಎಷ್ಟೇ ಇರಲಿ, ಆಟದ ಸಾಮಾನಿನ ನಿರ್ವಹಣೆಗೆಂದೇ ಪ್ರತ್ಯೇಕ ಶುಲ್ಕ ವಿಧಿಸುತ್ತವೆ. ಎಮಿರೇಟ್ಸ್‌ನಂಥ ಇತರ ಕೆಲವು ಸಂಸ್ಥೆಗಳು ಅದನ್ನು ಉಚಿತ ಮಿತಿಯೊಳಗೇ ಎಣಿಸುತ್ತವೆ. ಟಿಕೆಟ್ ಬೆಲೆ ಹೋಲಿಸುವಾಗ ಈ ಶುಲ್ಕವನ್ನೂ ಕೂಡಿಸಿ ಹೋಲಿಸಬೇಕು.

ಗೋಲ್‌ಕೀಪರ್‌ಗಳ ಕಷ್ಟ

ತಂಡದಲ್ಲಿ ಲಗೇಜಿನ ಪೂರ್ತಿ ಭಾರ ಬೀಳುವುದು ಗೋಲ್‌ಕೀಪರ್ ಮೇಲೆ, ಅವರ ಬಗ್ಗೆ ತಂಡದ ಮ್ಯಾನೇಜರ್‌ಗಳು ಇನ್ನಷ್ಟು ಯೋಚಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ಯಾಡ್, ಕಿಕ್ಕರ್ (ಬೂಟಿನ ಮೇಲೆ ಕಟ್ಟುವ ಕವಚ), ಕೈಗವಸು, ಎದೆಕವಚ, ಹೆಲ್ಮೆಟ್ ಎಲ್ಲ ಸೇರಿದ ಕಿಟ್ ಬ್ಯಾಗಿನ ಸಮೇತ 14 ಕೆ.ಜಿ. ತೂಗುತ್ತದೆ ಎಂದುಕೊಳ್ಳೋಣ. ಅದಕ್ಕೆ 7 ಕೆ.ಜಿ. ಬಟ್ಟೆಬರೆ ಸೇರಿದರೆ 21 ಕೆ.ಜಿ. ಆಯಿತು. ಕೌಂಟರಿನಲ್ಲಿ ಹೆಚ್ಚುವರಿ ಕೆ.ಜಿ.ಗೆ ₹600 ಎಂದಿಟ್ಟುಕೊಂಡರೆ 6 ಕೆ.ಜಿ.ಗೆ ₹3,600, ಹೋಗಿಬರಲು ₹7,200. ಒಬ್ಬ ವಿದ್ಯಾರ್ಥಿಯ ಮನೆಯವರಿಗೆ ಇದು ದೊಡ್ಡ ಮೊತ್ತ, ಕೆಲವು ಮಾರ್ಗಗಳಲ್ಲಿ ಟಿಕೆಟ್ಟಿನ ಬೆಲೆಯನ್ನೇ ಮುಟ್ಟುತ್ತದೆ. ಇದೇ ಹೆಚ್ಚುವರಿ ತೂಕವನ್ನು ಮುಂಚಿತವಾಗಿ ವಿಮಾನ ಸಂಸ್ಥೆಯ ಆ್ಯಪ್ ಅಥವಾ ಜಾಲತಾಣದಲ್ಲಿ 5 ಕೆ.ಜಿ., 10 ಕೆ.ಜಿ.ಯ ಕಂತುಗಳಲ್ಲಿ ಕೊಂಡರೆ ದರ ಕಡಿಮೆ. ಈ ಸೌಲಭ್ಯ ವಿಮಾನ ಹೊರಡುವ ಕೆಲವು ಗಂಟೆಗಳ ಮೊದಲೇ ಮುಚ್ಚಿಹೋಗುತ್ತದೆ, ಹಿಂದಿನ ದಿನವೇ ಮುಗಿಸಿಬಿಡಿ.

ತಂಡವಾಗಿ ಹೋಗುವಾಗ ಇದಕ್ಕಿಂತ ಒಳ್ಳೆಯ ದಾರಿಯಿದೆ. 18 ಆಟಗಾರರ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿದ್ದು, ಎಲ್ಲರೂ ಒಟ್ಟಿಗೆ ಚೆಕ್-ಇನ್ ಮಾಡಿದರೆ, ತೂಕದ ಪದ್ಧತಿಯಿರುವ ಕಡೆ ಸಾಮಾನ್ಯವಾಗಿ ಎಲ್ಲರ ಮಿತಿಯನ್ನೂ ಒಂದಾಗಿ ಪರಿಗಣಿಸುತ್ತಾರೆ. ಆಗ ತಂಡಕ್ಕೆ 270 ಕೆ.ಜಿ. ಸಿಕ್ಕಿತು. 16 ಮಂದಿಯ ಸಾಮಾನು ತಲಾ 11ರಂತೆ 176, ಇಬ್ಬರು ಗೋಲ್‌ಕೀಪರ್‌ಗಳದು 42, ಒಟ್ಟು 218 ಕೆ.ಜಿ. ಚೆಂಡು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳಿಗೆ ಇನ್ನೂ 52 ಕೆ.ಜಿ. ಉಳಿಯಿತು, ಯಾರೂ ಒಂದು ರೂಪಾಯಿ ಹೆಚ್ಚು ಕೊಡಬೇಕಾಗಿಲ್ಲ. ಟಿಕೆಟ್‌ಗಳನ್ನು ನಾಲ್ಕಾರು ಕಡೆ ಬಿಡಿಬಿಡಿಯಾಗಿ ಮಾಡಿಸಿದರೆ ಈ ಅವಕಾಶ ಕೈತಪ್ಪುತ್ತದೆ. ಗುಂಪು ಟಿಕೆಟ್ ಮಾಡಿಸುವಾಗಲೇ ಹೆಚ್ಚುವರಿ ಲಗೇಜಿನ ಬಗ್ಗೆ ಮಾತಾಡಿ, ಒಪ್ಪಿದ್ದನ್ನು ಬರಹದಲ್ಲಿ ಪಡೆಯಬೇಕು. ಒಬ್ಬರ ಸಾಮಾನನ್ನು ಇನ್ನೊಬ್ಬರ ಚೀಲದಲ್ಲಿಟ್ಟರೆ, ಏನಿಟ್ಟಿದ್ದೇವೆ ಎಂಬುದು ಆ ಚೀಲದ ಒಡೆಯರಿಗೆ ಗೊತ್ತಿರಲೇಬೇಕು.

ಚೀಲಗಳ ಎಣಿಕೆಯ ಪದ್ಧತಿಯಿದ್ದರೆ ಗೋಲ್‌ಕೀಪರ್‌ಗೆ ತೂಕಕ್ಕಿಂತ ಗಾತ್ರವೇ ತೊಡಕು. ಒಂದು ಮೀಟರ್ ಉದ್ದ, 45 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಗಾಲಿ ಬ್ಯಾಗಿನ ಒಟ್ಟು ಅಳತೆ 190 ಸೆಂ.ಮೀ. ಆಗಿಬಿಡುತ್ತದೆ. 85, 40, 33ರ ಮೆತ್ತನೆಯ ಬ್ಯಾಗು ಸರಿಯಾಗಿ 158ಕ್ಕೆ ನಿಲ್ಲುತ್ತದೆ, ಅದರಲ್ಲಿ 93 ಸೆಂ.ಮೀ.ನ ಸ್ಟಿಕ್ಕನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಇಡಬಹುದು. ಎರಡೂ ಪ್ಯಾಡ್‌ಗಳನ್ನು ಎದುರುಬದುರಾಗಿ ಮುಚ್ಚಿ, ಅವುಗಳ ಪೊಳ್ಳಿನಲ್ಲಿ ಬಟ್ಟೆಗಳನ್ನು ಸುರುಳಿ ಸುತ್ತಿ ತುರುಕಿ, ಕಿಕ್ಕರ್‌ನೊಳಗೆ ಸಾಕ್ಸ್ ಮತ್ತು ಟವೆಲ್ ತುಂಬಿ, ಮೇಲೆ ಎದೆಕವಚವನ್ನು ಹೊದಿಸಿದರೆ ಜಾಗವೂ ಉಳಿಯುತ್ತದೆ, ಸಾಮಾನಿಗೆ ಪೆಟ್ಟೂ ಬೀಳುವುದಿಲ್ಲ. ಹೆಲ್ಮೆಟ್ಟನ್ನು ಕೈಚೀಲದಲ್ಲಿ ಒಯ್ಯುವುದು ಲೇಸು. ಆದರೆ ಕೈಚೀಲ ಒಂದೇ ಎಂಬ ನಿಯಮವಿರುವುದರಿಂದ ಹೆಲ್ಮೆಟ್ ಅದರೊಳಗೇ ಹಿಡಿಯಬೇಕು, ಹೊರಗೆ ತೂಗುಹಾಕಿದರೆ ಎರಡನೆಯ ಚೀಲವೆಂದು ಲೆಕ್ಕಕ್ಕೆ ಬರಬಹುದು.

ಪ್ರತಿ ಆಟಗಾರರೂ ಮೈದಾನಕ್ಕೆ ಇಳಿಯಲು ಬೇಕಾದ ಕನಿಷ್ಠ ಸಾಮಾನನ್ನು, ಅಂದರೆ ಒಂದು ಜೊತೆ ಬೂಟು, ಜೆರ್ಸಿ, ಶಿನ್ ಗಾರ್ಡ್, ಮೌತ್ ಗಾರ್ಡ್ ಇಷ್ಟನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಲಗೇಜು ಒಂದು ದಿನ ತಡವಾಗಿ ಬಂದರೂ ಸ್ಟಿಕ್ ಸಾಲ ಸಿಗುತ್ತದೆ, ಕಾಲಿಗೆ ಹೊಂದುವ ಬೂಟು ಸಿಗುವುದಿಲ್ಲ. ನೋವಿನ ಸ್ಪ್ರೇ ಡಬ್ಬಿಗಳಿಗೂ ಮಿತಿಯಿದೆ: ಒಂದೊಂದು 500 ಮಿ.ಲೀ. ಮೀರಬಾರದು, ಇಂಥ ಸ್ಪ್ರೇ ಮತ್ತು ಸೌಂದರ್ಯ ಸಾಧನಗಳೆಲ್ಲ ಸೇರಿ ಒಬ್ಬರಿಗೆ 2 ಲೀಟರ್ ದಾಟಬಾರದು, ಮುಚ್ಚಳ ಭದ್ರವಾಗಿರಬೇಕು.

ಬಿಟ್ಟಂಗಾಲದಲ್ಲಿ ಗಾಲ್ಫ್ ಆಡುವವರ ಚೀಲ ಸುಮಾರು 130 ಸೆಂ.ಮೀ. ಉದ್ದವಿರುವುದರಿಂದ ಒಟ್ಟು ಅಳತೆ 158 ದಾಟಿಯೇ ದಾಟುತ್ತದೆ. ಗಾಲ್ಫ್ ಚೀಲಕ್ಕೆ ಗಾತ್ರದ ವಿನಾಯಿತಿ ಕೊಡುವ ಸಂಸ್ಥೆಗಳು ಹಲವಿವೆ, ಆದರೆ ಅದರಲ್ಲಿ ಬಟ್ಟೆಬರೆ ತುಂಬಿದ್ದು ಕಂಡರೆ ವಿನಾಯಿತಿ ನಿರಾಕರಿಸುವುದುಂಟು. ಸೈಕಲ್ಲಿನ ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಟೈರಿನ ಗಾಳಿ ಇಳಿಸಿ, ಪೆಟ್ಟಿಗೆಯಲ್ಲಿಡಬೇಕು. ಬ್ಯಾಟರಿ ಸೈಕಲ್ಲಿನ ಬ್ಯಾಟರಿ 160 ವ್ಯಾಟ್-ಅವರ್ ಮೀರುವುದರಿಂದ ಪ್ರಯಾಣಿಕ ವಿಮಾನದಲ್ಲಿ ಅದಕ್ಕೆ ಜಾಗವೇ ಇಲ್ಲ. ಪವರ್ ಬ್ಯಾಂಕ್ ಮತ್ತು ಕ್ಯಾಮೆರಾದ ಬಿಡಿ ಬ್ಯಾಟರಿಗಳು 100 ವ್ಯಾಟ್-ಅವರ್ ಒಳಗಿದ್ದು ಕೈಚೀಲದಲ್ಲಿಯೇ ಇರಬೇಕು. ಚೆಕ್-ಇನ್ ಲಗೇಜಿನಲ್ಲಿಟ್ಟರೆ ಚೀಲವನ್ನೇ ತಡೆಹಿಡಿಯುತ್ತಾರೆ.

ಕೋವಿ ಮತ್ತು ತೋಟಾ

ಕೊಡವರಿಗೂ ಜಮ್ಮ (ಕೊಡಗಿನ ಪಾರಂಪರಿಕ ಭೂ ಹಿಡುವಳಿ) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಪರವಾನಗಿಯಿಂದ ವಿನಾಯಿತಿಯಿದ್ದು, ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಇನ್ನೂ 10 ವರ್ಷ ವಿಸ್ತರಿಸಿದೆ. ಈ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದು, ವಿಮಾನದ ನಿಯಮಗಳನ್ನು ಇದು ಸ್ವಲ್ಪವೂ ಸಡಿಲಿಸುವುದಿಲ್ಲ. ಶೂಟಿಂಗ್ ಸ್ಪರ್ಧೆಗೆ ಹೋಗುವವರು ಜಿಲ್ಲಾಡಳಿತದ ವಿನಾಯಿತಿ ಪತ್ರ ಅಥವಾ ಪರವಾನಗಿಯ ಮೂಲಪ್ರತಿ, ಸ್ಪರ್ಧೆಯ ಆಹ್ವಾನ ಪತ್ರ, ಗುರುತಿನ ಚೀಟಿ ಇವನ್ನು ಒಟ್ಟಿಗಿಟ್ಟುಕೊಂಡು, ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಪಡೆದು, ಕೌಂಟರಿನಲ್ಲಿ ತಾವಾಗಿಯೇ ಘೋಷಿಸಬೇಕು. ಕೋವಿ ಖಾಲಿಯಿದ್ದು ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿರಬೇಕು, ತೋಟಾ ಬೇರೆಯಾಗಿ ಕಟ್ಟಿರಬೇಕು. ಎಲ್ಲ ಸಂಸ್ಥೆಗಳೂ ಶಸ್ತ್ರವನ್ನು ಸ್ವೀಕರಿಸುವುದಿಲ್ಲ, ಆದ್ದರಿಂದ ಒಪ್ಪಿಗೆ ಸಿಗುವ ಮುನ್ನ ಟಿಕೆಟ್ ಕೊಳ್ಳಬೇಡಿ.

ತೋಟಾಗಳಿಗೆ ಅಂತರರಾಷ್ಟ್ರೀಯ ಮಿತಿ ಒಬ್ಬರಿಗೆ ಕಟ್ಟಿನ ಸಮೇತ 5 ಕೆ.ಜಿ. ಇಬ್ಬರ ಮಿತಿಯನ್ನು ಸೇರಿಸಿ ಒಂದೇ ಕಟ್ಟು ಮಾಡುವಂತಿಲ್ಲ. 12 ಬೋರಿನ ಒಂದು ತೋಟಾ ಸುಮಾರು 40 ಗ್ರಾಂ ತೂಗುವುದರಿಂದ ನೂರರ ಆಸುಪಾಸಿನಲ್ಲಿ ಮಿತಿ ಮುಟ್ಟುತ್ತದೆ, .22ರ 500 ಗುಂಡುಗಳಾದರೆ 2 ಕೆ.ಜಿ.ಯೊಳಗೇ ಇರುತ್ತವೆ. ಹೊರದೇಶಕ್ಕಾದರೆ ಇಳಿಯುವ ದೇಶದ ಅನುಮತಿಯ ಜೊತೆಗೆ ನಡುವೆ ವಿಮಾನ ಬದಲಿಸುವ ದೇಶದ ಅನುಮತಿಯೂ ಬೇಕಾಗಬಹುದು.

ಶೂಟಿಂಗಿಗೆ ಸಂಬಂಧವಿಲ್ಲದವರೂ ಓದಬೇಕಾದ ಎಚ್ಚರಿಕೆಯೊಂದಿದೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲು ಹೋದಾಗ, ಇಲ್ಲವೇ ತೋಟದ ಕಾವಲಿಗೆ ಹೋದಾಗ ಹೆಗಲಿಗೆ ಹಾಕಿದ ಚೀಲವನ್ನೇ ವಿಮಾನಕ್ಕೂ ಒಯ್ದರೆ, ಯಾವುದೋ ಒಳಜೇಬಿನಲ್ಲಿ ಮರೆತುಹೋದ ಒಂದು ತೋಟಾ ಎಕ್ಸ್-ರೇಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೇ ಒಂದು ಜೀವಂತ ಗುಂಡು ಸಿಕ್ಕರೂ ಪ್ರಯಾಣ ನಿಲ್ಲುತ್ತದೆ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಇಂಥ ಚೀಲವನ್ನು ಪ್ರಯಾಣಕ್ಕೆ ಬಳಸಲೇಬಾರದು. ಬಳಸುವುದು ಅನಿವಾರ್ಯವಾದರೆ ಬಿಸಿಲಿನಲ್ಲಿ ಮಗುಚಿ, ಪ್ರತಿ ಜೇಬನ್ನೂ ಹೊರಕ್ಕೆ ತಿರುಗಿಸಿ ನೋಡಬೇಕು. ಕೋಟು, ಜಾಕೆಟ್ಟಿನ ಜೇಬುಗಳಿಗೂ ಇದೇ ಮಾತು. ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆಯ ಜೊತೆ ಒಯ್ಯುವ ಪೀಚೆಕತ್ತಿ ಕೂಡ ಚೆಕ್-ಇನ್ ಲಗೇಜಿನಲ್ಲಿಯೇ ಇರಬೇಕು.

ಯಾವ ನಿಲ್ದಾಣ, ಎಷ್ಟು ಹೊತ್ತು ಮೊದಲು

ವಿರಾಜಪೇಟೆ ಕಡೆಯವರಿಗೆ ಪೆರುಂಬಾಡಿ, ಮಾಕುಟ್ಟದ ಮೂಲಕ ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣ ಹತ್ತಿರ, ಅದು ಆರಂಭವಾದದ್ದು 2018ರ ಡಿಸೆಂಬರ್‌ನಲ್ಲಿ. ಮಡಿಕೇರಿಯವರು ಸಂಪಾಜೆ ಘಾಟಿ ಇಳಿದು ಮಂಗಳೂರಿಗೂ, ಕುಶಾಲನಗರದವರು ಮೈಸೂರಿಗೂ ಹೋಗಬಹುದು. ಮೈಸೂರಿನ ಮಂಡಕಳ್ಳಿಯ ರನ್‌ವೇ 1,740 ಮೀಟರ್ ಮಾತ್ರ ಇರುವುದರಿಂದ ಅಲ್ಲಿಗೆ ಬರುವುದು ಎಟಿಆರ್‌ನಂಥ ಸಣ್ಣ ವಿಮಾನಗಳು. ಅವುಗಳ ಲಗೇಜು ಕೋಣೆಯೂ ಬಾಗಿಲೂ ಚಿಕ್ಕವು. ಒಬ್ಬಿಬ್ಬರ ಸ್ಟಿಕ್ ಚೀಲಕ್ಕೆ ತೊಂದರೆಯಿಲ್ಲ, ಇಡೀ ತಂಡದ ಕಿಟ್ ಅಥವಾ ಸೈಕಲ್ ಪೆಟ್ಟಿಗೆಯಾದರೆ ಮುಂಚೆಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ದೊಡ್ಡ ಸಾಮಾನು ಇರುವವರಿಗೆ ದೂರವಾದರೂ ಬೆಂಗಳೂರಿನಿಂದ ನೇರ ವಿಮಾನ ಹಿಡಿಯುವುದೇ ಹಲವು ಬಾರಿ ಲಾಭ, ಏಕೆಂದರೆ ವಿಮಾನ ಬದಲಿಸುವಾಗಲೇ ಲಗೇಜು ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಎರಡು ವಿಮಾನಗಳಿಗೆ ಬೇರೆ ಬೇರೆ ಟಿಕೆಟ್ ಮಾಡಿಸಿದರೆ ನಡುವಿನ ನಿಲ್ದಾಣದಲ್ಲಿ ಲಗೇಜು ಪಡೆದು, ಎರಡನೆಯ ಸಂಸ್ಥೆಯ ನಿಯಮದಂತೆ ಮತ್ತೆ ತೂಗಿಸಿ, ಮತ್ತೆ ಹಣ ಕಟ್ಟಬೇಕು. 30 ಕೆ.ಜಿ. ತಂದವರು ದೇಶದೊಳಗಿನ ವಿಮಾನದ 15 ಕೆ.ಜಿ.ಗೆ ಸಿಕ್ಕಿಕೊಳ್ಳುವುದು ಇಲ್ಲಿಯೇ.

ದೇಶದೊಳಗಿನ ವಿಮಾನಗಳ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ. ಉದ್ದನೆಯ ಚೀಲವನ್ನು ಮಾಮೂಲಿ ಬೆಲ್ಟಿನಲ್ಲಿ ಬಿಡದೆ ದೊಡ್ಡ ಲಗೇಜಿನ ಪ್ರತ್ಯೇಕ ಜಾಗಕ್ಕೆ ಕಳುಹಿಸುವುದರಿಂದ ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮಾಕುಟ್ಟ, ಸಂಪಾಜೆ ರಸ್ತೆಗಳಲ್ಲಿ ಮರ ಬೀಳುವುದು, ಮಣ್ಣು ಕುಸಿಯುವುದು ಹೊಸತಲ್ಲ. ಮಳೆ ಜೋರಾಗಿರುವ ಕಕ್ಕಡ ತಿಂಗಳ ದಿನಗಳಲ್ಲಿ ಬೆಳಗಿನ ವಿಮಾನವಿದ್ದರೆ ಹಿಂದಿನ ರಾತ್ರಿಯೇ ಘಾಟಿ ಇಳಿದು ತಂಗುವುದು ಕ್ಷೇಮ.

ಮಳೆಗಾಲದಲ್ಲಿ ಇನ್ನೊಂದು ಸಂಗತಿಯೂ ಇದೆ. ಒದ್ದೆಯಾದ ಬೂಟು, ಕೈಗವಸು, ಎದೆಕವಚಗಳು ನೀರು ಹೀರಿ ತೂಕ ಹೆಚ್ಚಿಸುತ್ತವೆ, ಮುಚ್ಚಿದ ಚೀಲದಲ್ಲಿ ಒಂದೇ ದಿನದಲ್ಲಿ ಮುಗ್ಗಲು ವಾಸನೆ ಹಿಡಿಯುತ್ತವೆ. ಒಲೆಯ ಬೆಂಕಿಗೆ ತೀರಾ ಹತ್ತಿರ ಒಣಗಿಸಿದರೆ ಫೋಮ್ ಸುಕ್ಕುಗಟ್ಟುತ್ತದೆ, ಬೆಚ್ಚಗಿನ ಅಟ್ಟದಲ್ಲಿ ಎರಡು ದಿನ ಹರಡಿಡುವುದು ವಾಸಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೋಗುವವರು ಬೂಟಿನ ತಳದ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪೂರ್ತಿ ತೆಗೆಯಬೇಕು. ಬಳಸಿದ ಆಟದ ಸಾಮಾನನ್ನೂ ಮರದ ಸ್ಟಿಕ್ಕನ್ನೂ ಅಲ್ಲಿಯ ಅರ್ಜಿಯಲ್ಲಿ ಘೋಷಿಸಬೇಕು. ಘೋಷಿಸಿದರೆ ನೋಡಿ ಬಿಡುತ್ತಾರೆ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ.

ಸಾಮಾನು ಮುರಿದರೆ, ಬಾರದಿದ್ದರೆ

ಕೌಂಟರಿಗೆ ಕೊಡುವ ಮುನ್ನ ಚೀಲದ ಹೊರಗಿನ ಮತ್ತು ಒಳಗಿನ ಫೋಟೊ ತೆಗೆದಿಟ್ಟುಕೊಳ್ಳಿ. ನಾಜೂಕು ವಸ್ತುವೆಂದು ಸಿಬ್ಬಂದಿ ಕಟ್ಟುವ ಲಿಮಿಟೆಡ್ ರಿಲೀಸ್ ಟ್ಯಾಗಿಗೆ ಸಹಿ ಹಾಕಿದರೆ ಹಾನಿಯ ಪರಿಹಾರ ಕೇಳುವ ಹಕ್ಕು ಬಹಳಷ್ಟು ಕುಗ್ಗುತ್ತದೆ, ಓದಿಯೇ ಸಹಿ ಹಾಕಿ. ಇಳಿದ ಮೇಲೆ ಚೀಲ ಬಾರದಿದ್ದರೆ ಅಥವಾ ಒಳಗಿನದು ಮುರಿದಿದ್ದರೆ ನಿಲ್ದಾಣದಿಂದ ಹೊರಬರುವ ಮೊದಲೇ ವಿಮಾನ ಸಂಸ್ಥೆಯ ಲಗೇಜು ಕೌಂಟರಿನಲ್ಲಿ ದೂರು ಬರೆಸಿ, ಅದರ ಸಂಖ್ಯೆ ಪಡೆಯಬೇಕು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯ ಲಿಖಿತ ದೂರಿಗೆ ಲಗೇಜು ಕೈಸೇರಿದ 7 ದಿನ, ವಿಳಂಬದ ದೂರಿಗೆ 21 ದಿನ ಗಡುವು. ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ. ದೇಶದೊಳಗಿನ ಪ್ರಯಾಣದಲ್ಲಿ ಈ ಮಿತಿ ₹20,000. ಒಳ್ಳೆಯ ಗೋಲ್‌ಕೀಪರ್ ಕಿಟ್ಟಿನ ಬೆಲೆ ಇದನ್ನು ಸುಲಭವಾಗಿ ಮೀರುತ್ತದೆ. ಆದ್ದರಿಂದ ಬೆಲೆಬಾಳುವ ಸಾಮಾನಿದ್ದರೆ ಆಟದ ಸಾಮಾನನ್ನೂ ಒಳಗೊಳ್ಳುವ ಪ್ರಯಾಣ ವಿಮೆ ಮಾಡಿಸುವುದು ಅಥವಾ ಚೆಕ್-ಇನ್ ವೇಳೆ ಹೆಚ್ಚಿನ ಮೌಲ್ಯವನ್ನು ಘೋಷಿಸಿ ಅದರ ಶುಲ್ಕ ಕಟ್ಟುವುದು ಒಳಿತು. ಖರೀದಿಯ ಬಿಲ್ಲುಗಳಿಲ್ಲದಿದ್ದರೆ ವಿಮೆಯೂ ಉಪಯೋಗಕ್ಕೆ ಬರುವುದಿಲ್ಲ.

ಅದೇ ಬಿಲ್ಲುಗಳಿಗೆ ಇನ್ನೊಂದು ಉಪಯೋಗವೂ ಇದೆ. ದುಬಾರಿ ಗಾಲ್ಫ್ ಸೆಟ್ಟನ್ನೋ ರೈಫಲನ್ನೋ ಹೊರದೇಶಕ್ಕೆ ಒಯ್ದು ಮರಳಿ ತರುವವರು, ಹೊರಡುವಾಗಲೇ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ಸಾಮಾನನ್ನೂ ಅದರ ಕ್ರಮಸಂಖ್ಯೆಯನ್ನೂ ಬಿಲ್ಲನ್ನೂ ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಬೇಕು. ಈ ಕೆಲಸ ಲಗೇಜನ್ನು ಕೌಂಟರಿಗೆ ಒಪ್ಪಿಸುವ ಮುನ್ನ ಆಗಬೇಕು, ಏಕೆಂದರೆ ಅಧಿಕಾರಿಗಳು ವಸ್ತುವನ್ನು ಕಣ್ಣಾರೆ ನೋಡಿಯೇ ಪತ್ರ ಕೊಡುತ್ತಾರೆ. ಹಿಂದಿರುಗುವಾಗ ಆ ಪತ್ರವನ್ನು ತೋರಿಸಿದರೆ ಸುಂಕದ ಪ್ರಶ್ನೆ ಏಳುವುದಿಲ್ಲ.